ಟಿ ಅಲೆ ತಲೆಕೆಳಗಾಗಿದೆಯಾ? ಮೊದಲು ವಯಸ್ಸು ನೋಡಿ

ಅಕ್ಕನ ಮಗಳಿಗೆ ಆರು ವರ್ಷ. ಟಾನ್ಸಿಲ್ ಆಪರೇಷನ್‌ಗೆ ಮುಂಚೆ ಇಸಿಜಿ ಮಾಡಿಸಿದ್ದರು. ಹಾಳೆಯ ಮೇಲ್ತುದಿಯಲ್ಲಿ ಮಷಿನ್ನೇ ಒಂದು ಸಾಲು ಬರೆದುಬಿಟ್ಟಿತ್ತು: ಟಿ ಅಲೆ ತಲೆಕೆಳಗು, ಹೃದಯಕ್ಕೆ ರಕ್ತ ಸಾಲದಿರಬಹುದು. ಅಕ್ಕ ಅಲ್ಲೇ ಬೆಂಚಿನ ಮೇಲೆ ಕುಸಿದು ಕೂತಳು. ಡಾಕ್ಟರು ಹಾಳೆ ತಿರುಗಿಸಿ ವಯಸ್ಸಿನ ಜಾಗ ತೋರಿಸಿದರು. 6 ಒತ್ತುವ ಬದಲು ಯಾರೋ 60 ಒತ್ತಿದ್ದರು! ಅರವತ್ತರಲ್ಲಿ ಅದು ಗಾಬರಿ ಬೀಳುವ ವಿಷಯವೇ. ಆರರಲ್ಲಿ ಅದು ಇರಬೇಕಾದ ರೀತಿಯೇ ಹಾಗೆ.

ಹಾಗಾಗಿ ಹೆಸರು, ವಯಸ್ಸು ಸರಿ ಇದೆಯಾ ಮೊದಲು ನೋಡಿ. ಆಮೇಲೆ ಅಳತೆ. ಸಾಮಾನ್ಯವಾಗಿ ಕಾಗದ ಸೆಕೆಂಡಿಗೆ 25 ಮಿ.ಮೀ. ಓಡುತ್ತದೆ, ಎತ್ತರದಲ್ಲಿ 10 ಮಿ.ಮೀ. ಅಂದರೆ 1 ಮಿಲಿವೋಲ್ಟ್.

ಈಗ ಅಲೆ ಹುಡುಕಿ. ಪುಟ್ಟ ಗುಬ್ಬು ಪಿ, ಚೂಪಾದ ಉದ್ದ ಗೆರೆ ಕ್ಯುಆರ್‌ಎಸ್, ಅದಾದ ಮೇಲೆ ನಿಧಾನವಾಗಿ ಏಳುವ ಗುಡ್ಡವೇ ಟಿ. ಹೃದಯದ ಕೆಳಕೋಣೆಗಳು ಮುಂದಿನ ಬಡಿತಕ್ಕೆ ಮತ್ತೆ ಚಾರ್ಜ್ ಆಗುವ ಹೊತ್ತು ಅದು. (ಈ ಅಕ್ಷರಗಳನ್ನು ಇಟ್ಟವರು ನೆದರ್ಲೆಂಡ್ಸ್‌ನ ಐಂಥೋವೆನ್. 1924ರಲ್ಲಿ ಅವರಿಗೆ ನೊಬೆಲ್ ಬಂತು.)

ಲೀಡ್ ಅಂದರೆ ಹೃದಯವನ್ನು ಒಂದೊಂದು ಕೋನದಿಂದ ನೋಡಿ ಬರೆದ ಗೆರೆ, ಹೆಸರು ಅದರ ಪಕ್ಕದಲ್ಲೇ ಇರುತ್ತದೆ: 1, 2, 3, ಎವಿಆರ್ ಮುಂತಾದವು ಕೈಕಾಲಿನ ವೈರ್‌ಗಳಿಂದ, ವಿ1ರಿಂದ ವಿ6 ಎದೆಯ ಮೇಲೆ ಬಲದಿಂದ ಎಡಕ್ಕೆ. ದೊಡ್ಡವರಲ್ಲಿ 1, 2 ಮತ್ತು ವಿ3ರಿಂದ ವಿ6ರವರೆಗಿನ ಲೀಡ್‌ಗಳಲ್ಲಿ ಟಿ ಮೇಲ್ಮುಖ ಇರಬೇಕು, ಎವಿಆರ್‌ನಲ್ಲಿ ಕೆಳಮುಖ. 3 ಮತ್ತು ವಿ1ರಲ್ಲಿ ಹೇಗಿದ್ದರೂ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಎವಿಆರ್‌ನಲ್ಲಿ ಎಲ್ಲವೂ ಮೇಲ್ಮುಖ ಕಂಡರೆ ಕೈಗೆ ಹಾಕಿದ ವೈರ್‌ಗಳು ಅದಲುಬದಲಾಗಿವೆಯಾ ಅಂತ ಮೊದಲು ಕೇಳಿ.

ಮಕ್ಕಳದ್ದೇ ಬೇರೆ ಲೆಕ್ಕ. ಹೊಟ್ಟೆಯಲ್ಲಿದ್ದಾಗ ಮಗುವಿನ ಹೃದಯದ ಬಲಭಾಗಕ್ಕೆ ಕೆಲಸ ಹೆಚ್ಚು, ಅದರ ಗುರುತು ಹುಟ್ಟಿದ ಮೇಲೂ ಉಳಿದಿರುತ್ತದೆ. ಮೊದಲ ಕೆಲವು ದಿನ ವಿ1ರಲ್ಲಿ ಟಿ ಮೇಲಕ್ಕಿರಬಹುದು, ವಾರ ತುಂಬುವಷ್ಟರಲ್ಲಿ ಅದು ಕೆಳಗೆ ತಿರುಗಬೇಕು, ಆಮೇಲೆ ವಿ1ರಿಂದ ವಿ3ರವರೆಗೂ ವರ್ಷಗಟ್ಟಲೆ ತಲೆಕೆಳಗಾಗಿಯೇ ಇದ್ದು, ಮಗು ಬೆಳೆದಂತೆ ಎಡದ ಕಡೆಯಿಂದ ಒಂದೊಂದೇ ಲೀಡ್‌ನಲ್ಲಿ ನೆಟ್ಟಗಾಗುತ್ತಾ ಬರುತ್ತದೆ. ತಮಾಷೆ ಅಂದರೆ, ಒಂದು ವಾರ ದಾಟಿದ ಮಗುವಿನಿಂದ ಹಿಡಿದು ಸುಮಾರು ಆರೇಳು ವರ್ಷದವರೆಗೆ ವಿ1ರಲ್ಲಿ ಟಿ ನೆಟ್ಟಗೆ ನಿಂತಿದ್ದರೇ ಡಾಕ್ಟರಿಗೆ ಅನುಮಾನ: ಬಲ ಕೆಳಕೋಣೆಯ ಮೇಲೆ ಒತ್ತಡ ಬೀಳುತ್ತಿರಬಹುದು. ವಿ5, ವಿ6ರಲ್ಲಿ ಕೆಳಗಿದ್ದರೆ ಮಾತ್ರ ‘ಮಗು ಅಲ್ವಾ’ ಅಂತ ಬಿಡುವ ಹಾಗಿಲ್ಲ. ಕೆಲವರಲ್ಲಿ, ಅದರಲ್ಲೂ ಹೆಂಗಸರಲ್ಲಿ, ಚಿಕ್ಕಂದಿನ ಈ ರೂಪ ದೊಡ್ಡವರಾದ ಮೇಲೂ ಉಳಿಯುತ್ತದೆ. ಆದರೆ ಹದಿಹರೆಯ ದಾಟುತ್ತಿರುವವರಲ್ಲಿ ವಿ3ರವರೆಗೂ ಕೆಳಗಿದ್ದು, ತಲೆಸುತ್ತಿ ಬಿದ್ದದ್ದೋ ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿಗೇ ಹಠಾತ್ತನೆ ಹೋದದ್ದೋ ಇದ್ದರೆ ತಪಾಸಣೆ ಮುಂದೂಡಬೇಡಿ.

ಆಮೇಲೆ ಆಕಾರ. ಸರಿಯಾದ ಟಿ ನಿಧಾನವಾಗಿ ಹತ್ತಿ ಬೇಗ ಇಳಿಯುತ್ತದೆ. ಎರಡೂ ಕಡೆ ಒಂದೇ ಸಮ ಇಳಿಜಾರು, ಕಿರಿದಾದ ಬುಡ, ಗುಡಾರದಂತೆ ಚೂಪು ತುದಿ ಇದ್ದರೆ ರಕ್ತದಲ್ಲಿ ಪೊಟ್ಯಾಷಿಯಂ ಏರಿರಬಹುದು, ಕಿಡ್ನಿ ತೊಂದರೆ ಇರುವವರಲ್ಲಿ ಇದನ್ನು ಕೂಡಲೇ ನೋಡಬೇಕು. ಬುಡ ಅಗಲವಾಗಿ ದಪ್ಪಗೆ ಉಬ್ಬಿದ್ದರೆ ಹೃದಯಾಘಾತದ ಮೊದಲ ಗಳಿಗೆ ಇರಬಹುದು. ವಾಂತಿ ಭೇದಿ ಆದವರಲ್ಲಿ ಟಿ ಚಪ್ಪಟೆಯಾಗಿದ್ದರೆ ಪೊಟ್ಯಾಷಿಯಂ ಇಳಿದಿರಬಹುದು.

ನನಗೆ ಎಲ್ಲಕ್ಕಿಂತ ಮೋಸದ್ದು ಅನ್ನಿಸುವುದು ವೆಲೆನ್ಸ್ ರೂಪ, ಹೃದಯತಜ್ಞ ವೆಲೆನ್ಸ್ ಮತ್ತು ಜೊತೆಯವರು 1982ರಲ್ಲಿ ವಿವರಿಸಿದ್ದು. ಎದೆನೋವು ಬಂದು ಹೋಗಿರುತ್ತದೆ, ರೋಗಿ ಆರಾಮಾಗಿ ಕಾಫಿ ಕೇಳುತ್ತಿರುತ್ತಾನೆ, ಆದರೆ ವಿ2, ವಿ3ರಲ್ಲಿ ಟಿ ಆಳವಾಗಿ ಕೆಳಗಿಳಿದಿರುತ್ತದೆ ಅಥವಾ ಮೇಲೆ ಹೋಗಿ ಕೆಳಗೆ ಬಂದಿರುತ್ತದೆ. ಹೃದಯದ ಮುಂದಿನ ದೊಡ್ಡ ರಕ್ತನಾಳ ಬಹಳ ಕಿರಿದಾಗಿದೆ ಅನ್ನುವ ಸೂಚನೆ ಅದು. ನೋವು ಹೋಯ್ತಲ್ಲ ಅಂತ ಮನೆಗೆ ಕಳಿಸಬಾರದು, ಟ್ರೆಡ್‌ಮಿಲ್ ಮೇಲೂ ಓಡಿಸಬಾರದು.

ಎದೆನೋವು ಈಗಲೇ ಇದ್ದರೆ ಹಾಳೆ ಓದುತ್ತಾ ಕೂರಬೇಡಿ, ಆಸ್ಪತ್ರೆಗೆ ಹೊರಡಿ. ಇಲ್ಲದಿದ್ದರೆ ಕೊನೆಗೆ ಹಳೆಯ ಇಸಿಜಿ ಪಕ್ಕದಲ್ಲಿಟ್ಟು ನೋಡಿ. ಹತ್ತು ವರ್ಷದಿಂದ ಹಾಗೇ ಇರುವ ಟಿಗೂ ನಿನ್ನೆ ಬದಲಾದ ಟಿಗೂ ಬಹಳ ವ್ಯತ್ಯಾಸ. ಎಷ್ಟೋ ಕಡೆ ಇಸಿಜಿ ಅಚ್ಚಾಗುವುದು ಥರ್ಮಲ್ ಕಾಗದದ ಮೇಲೆ, ಬಸ್ ಟಿಕೆಟ್ಟಿನಂತೆ ಗೆರೆ ಮಾಸಿ ಹೋಗುತ್ತದೆ. ಮಾಡಿಸಿದ ದಿನವೇ ಒಂದು ಜೆರಾಕ್ಸ್ ತೆಗೆಸಿಡಿ.