ಮೊದಲ ಫೈಟಿಂಗ್ ರೋಬೋಟಿಗೆ ಕಮ್ಮಿ ಖರ್ಚಲ್ಲಿ ಪಾರ್ಟ್ಸ್ ಆರಿಸುದು ಹೇಗೆ

ರೂಲ್‌ಬುಕ್ ಓದದೆ ಒಂದು ಸ್ಕ್ರೂ ಕೂಡ ತಗೊಳ್ಬೇಡಿ. ನಮ್ಮ ಕುಂಬಳೆ, ಬದಿಯಡ್ಕ, ಉಪ್ಪಳ ಕಡೆಯ ಮಕ್ಕಳು ರೋಬೋವಾರಿಗೆ, ಅಂದ್ರೆ ರೋಬೋಟ್‌ಗಳ ಫೈಟಿಗೆ, ಹೊರಟ್ರೆ ಮೊದಲು ಕೇಳುದು ಯಾವ ಮೋಟರ್ ಒಳ್ಳೇದು ಅಂತ, ಆದ್ರೆ ಅದಕ್ಕಿಂತ ಮೊದಲು ಗೊತ್ತಾಗ್ಬೇಕಾದ್ದು ಯಾವ ತೂಕದ ಕ್ಲಾಸಲ್ಲಿ ಆಡುದು ಅಂತ. ಐಐಟಿ ಬಾಂಬೆ ಟೆಕ್‌ಫೆಸ್ಟಿನ 60 ಕೆಜಿ ಫೈಟ್ ನೋಡಿದ್ರೆ ಯಾರಿಗಾದ್ರೂ ಆಸೆ ಆಗ್ತದೆ, ಆದ್ರೆ ತೂಕ ಏರಿದ ಹಾಗೆ ಮೋಟರ್, ಬ್ಯಾಟರಿ, ವಯರು, ಕಬ್ಬಿಣ ಎಲ್ಲದರ ರೇಟೂ ಏರ್ತದೆ. ಹೋಗುವ ಫೆಸ್ಟಲ್ಲಿ 1.5 ಕೆಜಿಯೋ 3 ಕೆಜಿಯೋ ಕ್ಲಾಸ್ ಇದ್ರೆ ಅದರಲ್ಲೇ ಶುರು ಮಾಡಿ. ನಾನಿಲ್ಲಿ 3 ಕೆಜಿ ಲೆಕ್ಕದಲ್ಲೇ ಹೇಳ್ತೇನೆ. ವೆಪನ್ ಕಡ್ಡಾಯವಾ, ಬ್ಯಾಟರಿ ಎಷ್ಟು ವೋಲ್ಟಿನವರೆಗೆ ಬಿಡ್ತಾರೆ, ಯಾವುದೆಲ್ಲ ಬ್ಯಾನ್ ಅನ್ನುದನ್ನ ಒಂದು ಕಾಗದದಲ್ಲಿ ಬರ್ದಿಟ್ಟುಕೊಳ್ಳಿ.

ದುಡ್ಡು ಹಂಚುವಾಗ ನಾನು ನೋಡುದು ಒಂದೇ: ಮುರಿಯುವ ಪಾರ್ಟ್ ಕಮ್ಮಿ ರೇಟಿನದ್ದು, ಸ್ಪೇರ್ ಸಮೇತ ತಗೊಳ್ಬೇಕು, ಮುಂದಿನ ರೋಬೋಟಿಗೂ ಬರುವ ಸಾಮಾನಿಗೆ ಮಾತ್ರ ಜಾಸ್ತಿ ಹಾಕ್ಬೇಕು. ಅಂದ್ರೆ ರಿಮೋಟಿಗೆ ಮತ್ತೆ ಚಾರ್ಜರಿಗೆ ಹಾಕಿ, ಬಾಡಿಯಲ್ಲಿ ಉಳಿಸಿ.

ರಿಮೋಟ್ ಫ್ಲೈಸ್ಕೈ ಎಫ್‌ಎಸ್-ಐ6, ಐಎ6ಬಿ ರಿಸೀವರ್ (ರಿಮೋಟಿನ ಸಿಗ್ನಲ್ ಹಿಡೀಲಿಕ್ಕೆ ರೋಬೋಟಲ್ಲಿ ಕೂರಿಸುವ ಪಾರ್ಟ್) ಜೊತೆ ಬರುವಂಥದ್ದು ಸಾಕು. ಒಂದೇ ಕಡ್ಡಿಯಲ್ಲಿ ಎಡ ಬಲ ಎರಡೂ ಮೋಟರ್ ಓಡಿಸುವ ಮಿಕ್ಸಿಂಗ್ ಅದರೊಳಗೇ ಉಂಟು, ಫೇಲ್‌ಸೇಫೂ ಸೆಟ್ ಮಾಡ್ಬಹುದು. ಫೇಲ್‌ಸೇಫ್ ಅಂದ್ರೆ ಸಿಗ್ನಲ್ ಹೋದ ತಕ್ಷಣ ರೋಬೋಟ್ ತನ್ನಷ್ಟಕ್ಕೆ ನಿಲ್ಲುದು, ಇದು ಇಲ್ಲದಿದ್ರೆ ಅಖಾಡದ ಒಳಗೇ ಬಿಡುದಿಲ್ಲ. ಚೆಕ್ ಮಾಡುವಾಗ ರೋಬೋಟನ್ನ ಎರಡು ಇಟ್ಟಿಗೆ ಮೇಲಿಟ್ಟು ಚಕ್ರ ಗಾಳಿಯಲ್ಲಿ ಇರುವ ಹಾಗೆ ಮಾಡಿ, ಫುಲ್ ಸ್ಪೀಡಲ್ಲಿ ತಿರುಗ್ತಿರುವಾಗ ರಿಮೋಟ್ ಆಫ್ ಮಾಡಿ, ಚಕ್ರ ನಿಲ್ಲದಿದ್ರೆ ಮುಂದಿನ ಕೆಲಸಕ್ಕೆ ಹೋಗ್ಲೇಬೇಡಿ.

ಮೋಟರಿಗೆ 12 ವೋಲ್ಟಿನ ಜಾನ್ಸನ್ ಗೇರ್ ಮೋಟರ್ ಎರಡು ಸಾಕು, ಬೆಂಗಳೂರಿನ ಎಸ್‌ಪಿ ರೋಡಲ್ಲೂ ಆನ್‌ಲೈನಲ್ಲೂ ಸಿಗ್ತದೆ. ಬರೇ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ನೋಡಿ ಆರಿಸ್ಬೇಡಿ, ಚಕ್ರದ ಅಳತೆಯೂ ಸೇರಿಸಿ ಲೆಕ್ಕ ಹಾಕಿ. 7 ಸೆಂಟಿಮೀಟರ್ ಚಕ್ರ, 600 ಆರ್‌ಪಿಎಂ ಅಂದ್ರೆ ಸೆಕೆಂಡಿಗೆ ಸುಮಾರು 2.2 ಮೀಟರ್, ಹೊಸಬರ ಕೈಗೆ ಅಷ್ಟು ಸ್ಪೀಡ್ ಧಾರಾಳ. ಅದಕ್ಕಿಂತ ಜಾಸ್ತಿ ಆರ್‌ಪಿಎಂ ತಗೊಂಡ್ರೆ ನೂಕುವ ಬಲ ಕಮ್ಮಿ ಆಗ್ತದೆ. ಗುಜರಿ ಅಂಗಡಿಯಲ್ಲಿ ಕಾರಿನ ವೈಪರ್ ಮೋಟರ್ ಅಗ್ಗಕ್ಕೆ ಸಿಗ್ತದೆ ಅಂತ ತರ್ಬೇಡಿ, ಅದು ಭಾರ, ಮತ್ತೆ ತೀರಾ ನಿಧಾನ. ಗುಜರಿಯಲ್ಲಿ ಹುಡುಕುದಾದ್ರೆ ಬ್ಯಾಟರಿ ಸತ್ತ ಕಾರ್ಡ್‌ಲೆಸ್ ಡ್ರಿಲ್ ಹುಡುಕಿ, ಒಳಗೆ ಒಳ್ಳೇ ಮೋಟರೂ ಪ್ಲಾನೆಟರಿ ಗೇರ್‌ಬಾಕ್ಸೂ ಇರ್ತದೆ, ನಾಳೆ 8 ಕೆಜಿಗೆ ಹೋಗುವಾಗ ಉಪಯೋಗ ಆಗ್ತದೆ.

ಜಾಸ್ತಿ ಜನ ದುಡ್ಡು ಹಾಳು ಮಾಡುದು ಮೋಟರ್ ಡ್ರೈವರಲ್ಲಿ, ಅಂದ್ರೆ ಬ್ಯಾಟರಿಯ ಕರೆಂಟನ್ನ ಮೋಟರಿಗೆ ಬೇಕಾದ ಹಾಗೆ ಕೊಡುವ ಬೋರ್ಡಲ್ಲಿ. ಎಲ್298ಎನ್ ಅನ್ನುವ ಕೆಂಪು ಬೋರ್ಡ್, ಮೇಲೆ ಕಪ್ಪು ಹೀಟ್‌ಸಿಂಕ್, ಸ್ಕೂಲ್ ಪ್ರಾಜೆಕ್ಟಲ್ಲಿ ಎಲ್ಲರೂ ನೋಡಿದ್ದೇ. ಅದು ಒಂದು ಚಾನೆಲಿಗೆ 2 ಆಂಪಿಯರ್ ಮಾತ್ರ ಕೊಡ್ತದೆ, ಅದರ ಮೇಲೆ ಎರಡು ವೋಲ್ಟಿನಷ್ಟು ತಾನೇ ನುಂಗ್ತದೆ. ಎದುರಿನ ರೋಬೋಟನ್ನ ಗೋಡೆಗೆ ಒತ್ತಿ ಹಿಡಿದಾಗ ಚಕ್ರ ತಿರುಗದೆ ಮೋಟರ್ ಸ್ಟಾಲ್ ಆಗ್ತದಲ್ಲ, ಆಗ ಕರೆಂಟ್ ಆ 2 ಆಂಪಿಯರಿಗಿಂತ ಎಷ್ಟೋ ಪಾಲು ಮೇಲೆ ಹೋಗ್ತದೆ, ಬೋರ್ಡ್ ತಡೀಲಿಕ್ಕಿಲ್ಲ. ಬಿಟಿಎಸ್7960 ಬೋರ್ಡ್ ಗಟ್ಟಿ, ಆದ್ರೆ ಅದಕ್ಕೆ ರಿಸೀವರ್ ಸೀದಾ ಕೊಡ್ಲಿಕ್ಕೆ ಆಗುದಿಲ್ಲ, ನಡುವೆ ಆರ್ಡುಯಿನೋ ಅನ್ನುವ ಸಣ್ಣ ಪ್ರೋಗ್ರಾಮ್ ಬೋರ್ಡ್ ಹಾಕಿ ಕೋಡ್ ಬರೀಬೇಕು. ಅಷ್ಟು ತಲೆಬಿಸಿ ಬೇಡ ಅಂದ್ರೆ ಬ್ರಶ್ಡ್ ಇಎಸ್‌ಸಿ (ರಿಸೀವರಿಗೆ ಸೀದಾ ಕೊಟ್ಟು ಮೋಟರಿನ ಸ್ಪೀಡ್ ಹತೋಟಿ ಮಾಡುವ ಸಾಮಾನು) ಎರಡು ತಗೊಳ್ಳಿ, ಮೋಟರಿನ ಸ್ಟಾಲ್ ಕರೆಂಟಿಗಿಂತ ಮೇಲಿನದ್ದು. ಮುಂದೆ ಹಿಂದೆ ಎರಡೂ ಕಡೆ ಓಡಿಸ್ತದಾ ಕೇಳಿಯೇ ತಗೊಳ್ಳಿ, ಆಟದ ಕಾರಿನ ಕೆಲವು ಇಎಸ್‌ಸಿಯಲ್ಲಿ ಮೊದಲು ಬ್ರೇಕ್ ಬಿದ್ದು ಮತ್ತೆಯೇ ರಿವರ್ಸ್, ಫೈಟಲ್ಲಿ ಅದು ಆಗ್ಲಿಕ್ಕಿಲ್ಲ.

ಅಡಕೆಗೆ ಮದ್ದು ಬಿಡುವ ಬ್ಯಾಟರಿ ಪಂಪಿನ 12 ವೋಲ್ಟ್ ಬ್ಯಾಟರಿ ಮನೆಯಲ್ಲೇ ಉಂಟಲ್ಲ, ಅದನ್ನೇ ಹಾಕಿದ್ರೆ ಆಗ್ದಾ ಅಂತ ಕೇಳುವವರು ಇದ್ದಾರೆ. ಅದೊಂದೇ ಎರಡು ಕೆಜಿ ಮೀರ್ತದೆ ಮಾರಾಯ್ರೆ, ಬಾಕಿ ಎಲ್ಲ ಸೇರಿ ಒಂದು ಕೆಜಿಯೊಳಗೆ ಹೇಗೆ ಮುಗಿಸುದು? 3 ಸೆಲ್ಲಿನ ಲಿಪೋ (ಹಗುರದ ಲಿಥಿಯಂ ಪಾಲಿಮರ್ ಬ್ಯಾಟರಿ), 11.1 ವೋಲ್ಟ್, ಅದೇ ಬೇಕು. ಮೂರು ನಿಮಿಷದ ಫೈಟು, ಸರಾಸರಿ 10 ಆಂಪಿಯರ್ ಎಳೆದ್ರೆ ಖರ್ಚಾಗುದು 500 ಎಂಎಎಚ್, ಹಾಗಾಗಿ 1300 ಎಂಎಎಚ್ ತಗೊಂಡ್ರೆ ಬೇಕಾದಷ್ಟಾಯ್ತು. ಅದರ ಮೇಲೆ 25ಸಿ ಅಂತ ಬರ್ದಿದ್ರೆ 1.3 ಗುಣಿಸು 25, ಅಂದ್ರೆ 32 ಆಂಪಿಯರ್ ಕೊಡ್ತದೆ ಅಂತ ಲೆಕ್ಕ, ಅಗ್ಗದ ಬ್ಯಾಟರಿಯಲ್ಲಿ ಅಷ್ಟನ್ನ ಪೂರ್ತಿ ನಂಬ್ಬೇಡಿ. ಸೆಕೆಂಡ್‌ಹ್ಯಾಂಡ್ ಲಿಪೋ ಬೇಡವೇ ಬೇಡ. ಉಬ್ಬಿದ್ದನ್ನ ಚಾರ್ಜಿಗೆ ಹಾಕ್ಲೇಬೇಡಿ, ಬೆಂಕಿ ಹಿಡಿದ್ರೆ ಸುಲಭದಲ್ಲಿ ಆರುದಿಲ್ಲ. ಎಲ್ಲ ಸೆಲ್ಲನ್ನೂ ಸಮ ಮಾಡಿ ತುಂಬಿಸುವ ಬ್ಯಾಲೆನ್ಸ್ ಚಾರ್ಜರಲ್ಲೇ ಚಾರ್ಜ್ ಮಾಡಿ, ಹತ್ರ ಒಬ್ಬರು ಇರ್ಲಿ, ಪಕ್ಕದಲ್ಲಿ ಒಂದು ಬಕೆಟ್ ಒಣ ಮರಳೂ ಇರ್ಲಿ. ಒಂದು ಸೆಲ್ಲು 4.2 ವೋಲ್ಟ್ ದಾಟ್ಬಾರ್ದು, 3.3ರ ಹತ್ರ ಬಂದ್ರೆ ಓಡಿಸುದು ನಿಲ್ಲಿಸಿ, ಆಡದೆ ಇಡುವಾಗ 3.8ರಲ್ಲಿಡಿ.

ಬಾಡಿಯಲ್ಲಿ ಒಳ್ಳೇ ಉಳಿತಾಯ ಉಂಟು. ತರಕಾರಿ ಕೊಚ್ಚುವ ದಪ್ಪ ಬಿಳಿ ಪ್ಲಾಸ್ಟಿಕ್ ಹಲಗೆ ಎಚ್‌ಡಿಪಿಇ ಅನ್ನುವ ಗಟ್ಟಿ ಜಾತಿಯ ಪ್ಲಾಸ್ಟಿಕ್ ಆದ್ರೆ ಅದೇ ಬೇಸ್ ಪ್ಲೇಟ್. ಪೆಟ್ಟು ಬಿದ್ರೆ ಬಗ್ತದೆ, ಅಕ್ರಿಲಿಕ್ ಹಾಗೆ ಚೂರು ಚೂರಾಗುದಿಲ್ಲ, ಸಾದಾ ಗರಗಸದಲ್ಲೇ ಕೊಯ್ಬಹುದು. ಮುಂದಿನ ಇಳಿಜಾರು ವೆಡ್ಜಿಗೆ ಗುಜರಿಯ ಹಳೇ ಲೀಫ್ ಸ್ಪ್ರಿಂಗ್ ಪಟ್ಟಿ ಒಳ್ಳೇದು, ಸಣ್ಣ ಗಾಡಿಯ ತೆಳು ಪಟ್ಟಿ ನೋಡಿ ಆರಿಸಿ, ಲಾರಿಯದ್ದು ಭಾರ ಆಗ್ತದೆ. ಗ್ರೈಂಡರಲ್ಲಿ ಕಟ್ ಮಾಡುವಾಗ ನೀರು ಹಾಕಿ ಹಾಕಿ ತಣ್ಣಗೆ ಮಾಡ್ತಾ ಹೋಗ್ಬೇಕು, ಕಾದು ಬಣ್ಣ ತಿರುಗಿದ್ರೆ ಅಲ್ಲಿ ಗಟ್ಟಿತನ ಹೋಯ್ತು ಅಂತ. ತೂತು ಮಾತ್ರ ಮನೆಯ ಡ್ರಿಲ್ಲಲ್ಲಿ ಕಷ್ಟ, ಲೇತಿನವರಿಗೆ ಕೊಡಿ. ವೆಲ್ಡಿಂಗ್ ಬೇಡ, ಬೋಲ್ಟಲ್ಲೇ ಕೂರಿಸಿ. ನಟ್ಟಿಗೆ ನೈಲಾನ್ ರಿಂಗ್ ಇರುವ ನೈಲಾಕ್ ಆಗ್ಬೇಕು, ಮೋಟರ್ ಸ್ಕ್ರೂವಿಗೆ ಸಡಿಲ ಆಗದ ಹಾಗೆ ಹಿಡಿಯುವ ನೀಲಿ ಲಾಕ್‌ಟೈಟ್ ಅಂಟು.

ರೂಲಲ್ಲಿ ಕಡ್ಡಾಯ ಇಲ್ಲದಿದ್ರೆ ಮೊದಲನೇದಕ್ಕೆ ತಿರುಗುವ ವೆಪನ್ ಬೇಡ. ಬರೇ ವೆಡ್ಜಲ್ಲಿ ಡ್ರೈವಿಂಗ್ ಕಲೀರಿ, ಖರ್ಚೂ ತುಂಬ ಕಮ್ಮಿ. ಬೇಕೇ ಬೇಕು ಅಂದ್ರೆ ಡ್ರೋನಿಗೆ ಹಾಕುವ ಎ2212 ಬಿಎಲ್‌ಡಿಸಿ (ಬ್ರಶ್ ಇಲ್ಲದ) ಮೋಟರ್, 30 ಆಂಪಿಯರ್ ಇಎಸ್‌ಸಿ ಅಗ್ಗಕ್ಕೆ ಸಿಗ್ತದೆ, ಆದ್ರೆ ಬ್ಲೇಡನ್ನ ಅದರ ಶಾಫ್ಟಿಗೇ ಕಟ್ಬೇಡಿ. ಅದು ಪೆನ್ಸಿಲಿಗಿಂತ ತೆಳು, ಒಂದೇ ಪೆಟ್ಟಿಗೆ ಬಗ್ತದೆ. ವೆಪನಿಗೆ ಬೇರೆ ಶಾಫ್ಟ್, ಎರಡು ಕಡೆ 608 ಬೇರಿಂಗ್, ನಡುವೆ ಬೆಲ್ಟ್. ಸ್ಪೀಡ್ ಎರಡು ಪಟ್ಟಾದ್ರೆ ಪೆಟ್ಟಿನ ಶಕ್ತಿ ನಾಲ್ಕು ಪಟ್ಟು, ಹಾಗಾಗಿ ಮನೆಯ ಜಗಲಿಯಲ್ಲಿ ಟೆಸ್ಟ್ ಮಾಡುವ ವಿಷಯವೇ ಇಲ್ಲ, ದಪ್ಪ ಪಾಲಿಕಾರ್ಬೊನೇಟ್ ಹಾಕಿದ ಮುಚ್ಚಿದ ಬಾಕ್ಸ್ ಬೇಕು. ಗ್ರೈಂಡರಿನ ಕಲ್ಲನ್ನ ವೆಪನ್ ಮಾಡ್ಲೇಬೇಡಿ, ಪೆಟ್ಟಿಗೆ ಸಿಡೀತದೆ.

ಆರ್ಡರ್ ಮಾಡುವಾಗ ಬ್ಯಾಟರಿಯನ್ನೇ ಮೊದಲು ಹಾಕಿ. ಲಿಪೋ ಹೆಚ್ಚಾಗಿ ವಿಮಾನದಲ್ಲಿ ಕಳಿಸುದಿಲ್ಲ, ರೋಡಲ್ಲೇ ಬರ್ಬೇಕು, ನಮ್ಮಲ್ಲಿಗೆ ಮುಟ್ಟುವಾಗ ತಡ ಆಗ್ತದೆ, ಮಳೆಗಾಲ ಆದ್ರೆ ಇನ್ನೂ ತಡ. ಅದರ ಜೊತೆಗೇ ಬ್ಯಾಟರಿ ಸಿಕ್ಕಿಸುವ ಎಕ್ಸ್‌ಟಿ60 ಕನೆಕ್ಟರ್ ನಾಲ್ಕೈದು ಜೋಡಿ, ಸಿಲಿಕಾನ್ ವಯರ್ ಎರಡು ಮೀಟರ್, ಸ್ಪೇರ್ ಮೋಟರ್ ಒಂದು ಸೇರಿಸಿ, ಇದೆಲ್ಲ ಫೆಸ್ಟಿನ ಹಿಂದಿನ ದಿನ ಹುಡುಕಿದ್ರೆ ನಮ್ಮ ಪೇಟೆಯಲ್ಲಿ ಸಿಗ್ಲಿಕ್ಕಿಲ್ಲ.