ಅಥೆನ್ಸ್‌ನಿಂದ ನಾಕ್ಸೋಸ್‌ಗೆ, ಅಮ್ಮನ ಜೊತೆ ನಿಧಾನದ ಹಡಗಿನಲ್ಲಿ

ಅಥೆನ್ಸ್‌ನಿಂದ ನಾಕ್ಸೋಸ್ ದ್ವೀಪಕ್ಕೆ ಪುಟ್ಟ ವಿಮಾನವಿದೆ, ಮುಕ್ಕಾಲು ಗಂಟೆಗೆ ಇಳಿಸಿಬಿಡುತ್ತದೆ. ಮೂರೂವರೆ ಗಂಟೆಯ ಹೈಸ್ಪೀಡ್ ಹಡಗೂ ಇದೆ. ನಾವು ಹೋದದ್ದು ಐದು ಗಂಟೆಗೂ ಮೇಲೆ ತೆಗೆದುಕೊಳ್ಳುವ, ಲಾರಿ ಕಾರುಗಳನ್ನೆಲ್ಲ ಹೊಟ್ಟೆಯಲ್ಲಿ ತುಂಬಿಕೊಂಡು ಹೋಗುವ ದೊಡ್ಡ ಹಡಗಿನಲ್ಲಿ. ದುಡ್ಡು ಉಳಿಯಲಿ ಅಂತಲೇ ಅದನ್ನು ಆರಿಸಿದ್ದು. ಈಗ ಯಾರಾದರೂ ಕೇಳಿದರೆ ದುಡ್ಡಿನ ಮಾತೇ ಎತ್ತುವುದಿಲ್ಲ, ಅದರಲ್ಲೇ ಹೋಗಿ ಅನ್ನುತ್ತೇನೆ.

ಜೊತೆಗಿದ್ದವಳು ಅಮ್ಮ. ವಯಸ್ಸು ಅರವತ್ತೇಳು. ಮೆಟ್ಟಿಲು ಕಂಡರೆ ಬಲ ಮೊಣಕಾಲು ಮುನಿಸಿಕೊಳ್ಳುತ್ತದೆ. ಮೀನು ಮಾಂಸ ಬಿಡಿ, ಮೊಟ್ಟೆಯೂ ಆಗದು. ಅವಳ ಊರು ಸಾಗರ. ಹೆಸರಿಗೆ ಸಾಗರವಾದರೂ ಅವಳು ನೀರಿನ ಮೇಲೆ ಹೋದದ್ದೆಂದರೆ ಶರಾವತಿ ಹಿನ್ನೀರಿನ ಸಿಗಂದೂರು ಲಾಂಚ್‌ನಲ್ಲಿ ಮಾತ್ರ.

ಷೆಂಗೆನ್ ವೀಸಾದ ಪುರಾಣ ಬೇಡ, ಅದು ಎಲ್ಲರದ್ದೂ ಒಂದೇ. ಹಡಗಿನ ಟಿಕೆಟ್ ಮೂರು ವಾರ ಮೊದಲೇ ಆನ್‌ಲೈನ್‌ನಲ್ಲಿ ತೆಗೆದೆ, ತಲಾ ನಲವತ್ತು ಚಿಲ್ಲರೆ ಯುರೋ. ಇಲ್ಲಿ ಎರಡು ವಿಷಯ ಗಮನಿಸಬೇಕು. ಮೊದಲನೆಯದು, ಅಥೆನ್ಸ್‌ಗೆ ಬಂದರು ಒಂದಲ್ಲ, ಮೂರು: ಪಿರೇಯಸ್, ರಫೀನಾ, ಲಾವ್ರಿಯೊ. ರಫೀನಾ ಇರುವುದು ವಿಮಾನ ನಿಲ್ದಾಣದ ದಿಕ್ಕಿಗೆ, ಪಿರೇಯಸ್ ಊರಿನ ಇನ್ನೊಂದು ತುದಿಗೆ. ಟಿಕೆಟ್ಟಿನಲ್ಲಿ ಯಾವ ಬಂದರು ಎಂದು ನೋಡದೆ ಹೊರಟರೆ, ಯಶವಂತಪುರದ ರೈಲಿಗೆ ಮೆಜೆಸ್ಟಿಕ್‌ನಲ್ಲಿ ಕಾದಂತಾಗುತ್ತದೆ. ಎರಡನೆಯದು, ಎಕಾನಮಿ ಟಿಕೆಟ್ಟಿಗೆ ಸೀಟ್ ನಂಬರ್ ಇರುವುದಿಲ್ಲ. ಮೊದಲು ಬಂದವರಿಗೆ ಒಳ್ಳೆಯ ಜಾಗ. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದು ಬೆಳೆದ ನಮಗೆ ಇದೇನು ಹೊಸದಲ್ಲ, ಆದರೆ ಅಮ್ಮನ ಕಾಲಿಗಾಗಿ ಇನ್ನೂ ಕೆಲವು ಯುರೋ ಕೊಟ್ಟು ನಂಬರ್ ಇರುವ ಸೀಟನ್ನೇ ತೆಗೆದೆ. ಕೊನೆಗೆ ನಾವು ಆ ಸೀಟಿನಲ್ಲಿ ಕೂತದ್ದು ಅರ್ಧ ಗಂಟೆಯೂ ಇಲ್ಲ. ಅದನ್ನು ಮುಂದೆ ಹೇಳುತ್ತೇನೆ.

ಹಡಗು ಬೆಳಿಗ್ಗೆ 7:30ಕ್ಕೆ. ಅಥೆನ್ಸ್ ನಡುಮಧ್ಯದ ಮೊನಾಸ್ತಿರಾಕಿಯಿಂದ ಹಸಿರು ಮಾರ್ಗದ ಮೆಟ್ರೊ ಹಿಡಿದರೆ ಇಪ್ಪತ್ತು ನಿಮಿಷಕ್ಕೆ ಪಿರೇಯಸ್. ಟಿಕೆಟ್ 1.20 ಯುರೋ. ಇದು ಅಥೆನ್ಸ್‌ನ ಅತ್ಯಂತ ಹಳೆಯ ರೈಲುದಾರಿ. 1869ರಲ್ಲೇ ಈ ಬಂದರಿಗೂ ಊರೊಳಗಿನ ಥಿಸಿಯೊಗೂ ಉಗಿಬಂಡಿ ಓಡುತ್ತಿತ್ತು, ಆಮೇಲೆ ವಿದ್ಯುತ್ತು ಬಂತು. ಜೇಬುಗಳ್ಳರಿಗೂ ಇದೇ ಮಾರ್ಗ ಪ್ರಿಯ ಎಂದು ಹೋಟೆಲಿನವರು ಎಚ್ಚರಿಸಿದ್ದರಿಂದ ಅಮ್ಮ ಪಾಸ್‌ಪೋರ್ಟುಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮೇಲೆ ಸೆರಗು ಹೊದ್ದು ಕೂತಳು. ಅಲ್ಲಿಂದ ಅದನ್ನು ಹೊರಗೆ ತೆಗೆಯುವುದು ನನಗೇ ಆಗುತ್ತಿರಲಿಲ್ಲ, ಕಳ್ಳನ ಮಾತು ದೂರ ಉಳಿಯಿತು. ವಿಮಾನ ಇಳಿದು ನೇರ ಬಂದರಿಗೆ ಹೋಗುವವರಾದರೆ ನೀಲಿ ಮಾರ್ಗದ ಮೆಟ್ರೊ 2022ರಿಂದ ಪಿರೇಯಸ್‌ವರೆಗೂ ಹೋಗುತ್ತದೆ, ಸುಮಾರು ಒಂದು ಗಂಟೆ, 9 ಯುರೋ. ಎಕ್ಸ್ 96 ಬಸ್ಸು ರಾತ್ರಿ ಹಗಲೂ ಇರುತ್ತದೆ, ಅಗ್ಗವೂ ಹೌದು.

ಪಿರೇಯಸ್ ನೋಡಿದ ಕೂಡಲೇ ಎದೆ ಧಸಕ್ಕೆಂದಿತು. ಅದು ಬಂದರಲ್ಲ, ನೀರಿನ ಸುತ್ತ ಬೆಳೆದ ಒಂದು ಊರು. ಗೇಟುಗಳಿಗೆ ಇ1ರಿಂದ ಇ12ರವರೆಗೆ ನಂಬರ್. ಮೆಟ್ರೊ ಸ್ಟೇಷನ್ನಿನ ಎದುರಿಗೇ ಇ6, ಪಕ್ಕದಲ್ಲೇ ಇ7. ನಾಕ್ಸೋಸ್, ಪಾರೋಸ್ ಇತ್ಯಾದಿ ಸೈಕ್ಲೇಡ್ಸ್ ದ್ವೀಪಗಳ ಹಡಗುಗಳು ಹೆಚ್ಚಾಗಿ ಅಲ್ಲೇ ನಿಲ್ಲುತ್ತವೆ. ಅದು ನಮ್ಮ ಪುಣ್ಯ. ಇ1, ಇ2 ಕಡೆಯ ಹಡಗಾಗಿದ್ದರೆ ಕೊಲ್ಲಿಯನ್ನು ಸುತ್ತಿ ಆಚೆ ದಡಕ್ಕೆ ಹೋಗಬೇಕಿತ್ತು. ಗೇಟ್ ನಂಬರ್ ಹಿಂದಿನ ದಿನ ಮತ್ತೊಮ್ಮೆ ನೋಡಿಕೊಳ್ಳಿ, ಬದಲಾಗುವುದುಂಟು.

ಹಡಗಿನ ಬಾಯಿಯ ಬಳಿ ನಿಂತಿದ್ದ ನೌಕರನನ್ನು "ನಾಕ್ಸೋಸ್?" ಎಂದು ಕೇಳಿದೆ. ಅವನು "ನೆ, ನೆ" ಎಂದ.

"ಅಲ್ವಂತೆ ಕಣೋ, ಬಾ ಈಚೆ" ಎಂದು ಅಮ್ಮ ನನ್ನ ತೋಳು ಹಿಡಿದು ಎಳೆದಳು.

ಗ್ರೀಕಿನಲ್ಲಿ 'ನೆ' ಎಂದರೆ ಹೌದು. ಇಲ್ಲ ಎನ್ನಬೇಕಾದರೆ ಅವರು ಗದ್ದ ಮೇಲೆತ್ತಿ, ಹುಬ್ಬು ಏರಿಸಿ, ನಾಲಿಗೆಯಲ್ಲಿ ಲೊಚಕ್ ಅನ್ನಿಸುತ್ತಾರೆ. ಥೇಟ್ ನಮ್ಮಜ್ಜಿ. ಎರಡೇ ದಿನಕ್ಕೆ ಅಮ್ಮ ಆ ಊರಿನ ಅಂಗಡಿಯವರ ಜೊತೆ ಬರೀ ಲೊಚಕ್‌ನಲ್ಲೇ ಚೌಕಾಸಿ ಮಾಡುವಷ್ಟು ಪಳಗಿದಳು.

ಹತ್ತುವುದು ಹಿಂದಿನ ಬಾಯಿಯಿಂದ, ಲಾರಿಗಳು ಒಳಗೆ ಹೋಗುವ ದಾರಿಯಲ್ಲೇ. ಒಳಗೆ ಗೋಡೆಗೆ ತಾಗಿ ಲಗೇಜ್ ಇಡುವ ಕಬ್ಬಿಣದ ಅಟ್ಟಗಳು, ಒಂದೊಂದಕ್ಕೆ ಒಂದೊಂದು ದ್ವೀಪದ ಹೆಸರು. ಗ್ರೀಕ್ ಅಕ್ಷರ ನಮಗೆಲ್ಲಿ ಬರಬೇಕು? ಆದರೆ ನಾಕ್ಸೋಸ್ ಹೆಸರಿನ ನಡುವೆ ಬರುವ 'ಕ್ಸ' ಅಕ್ಷರ ಒಂದರ ಕೆಳಗೊಂದು ಮೂರು ಅಡ್ಡಗೆರೆ. "ವಿಭೂತಿ ಪಟ್ಟೆ ಇದೆ ನೋಡು, ಅದೇ ನಮ್ಮೂರು" ಎಂದಳು ಅಮ್ಮ. ಆಮೇಲೆ ಬಸ್ಸಿನ ಬೋರ್ಡಿನಲ್ಲಿ, ಟಿಕೆಟ್ ಆಫೀಸಿನ ಪಟ್ಟಿಯಲ್ಲಿ, ಎಲ್ಲೆಲ್ಲೂ ನನಗಿಂತ ಮೊದಲು ನಾಕ್ಸೋಸ್ ಹುಡುಕಿದ್ದು ಅವಳೇ. ಬ್ಯಾಗನ್ನು ಆ ಅಟ್ಟದಲ್ಲಿಟ್ಟೆವು. ಅಮ್ಮ ಹಿಡಿಕೆಗೆ ಹಳೇ ಸೀರೆಯ ಕೆಂಪು ಅಂಚು ಗಂಟು ಹಾಕಿದಳು. ಔಷಧಿ, ದುಡ್ಡು, ಸ್ವೆಟರ್ ಕೈಚೀಲಕ್ಕೆ ಹಾಕಿಕೊಂಡೆವು, ಮಧ್ಯೆ ಕೆಳಗಿಳಿದು ಬರಲು ಬಿಡುವುದಿಲ್ಲ. ಮೇಲಕ್ಕೆ ಎಸ್ಕಲೇಟರ್ ಇತ್ತು, ಮೊಣಕಾಲು ಬಚಾವ್.

ಹಡಗು ಬಿಟ್ಟ ಮೇಲೆ ನಂಬರ್ ಸೀಟಿನಲ್ಲಿ ಕೂತರೆ ಎಸಿ ಚಳಿ, ಯಾರದೋ ಮೊಬೈಲಿನ ಸಿನಿಮಾ, ಉಪ್ಪು ಕಟ್ಟಿ ಮಸುಕಾದ ಕಿಟಕಿ. ಹೊರಗಿನ ಡೆಕ್ಕಿಗೆ ಹೋದೆವು. ಅಲ್ಲೇ ಉಳಿದೆವು. ಈ ಹಡಗಿನ ಬಗ್ಗೆ ನನಗಿರುವ ಪಕ್ಷಪಾತಕ್ಕೆ ಕಾರಣ ಆ ಡೆಕ್ಕೇ. ಹೈಸ್ಪೀಡ್‌ಗಳಲ್ಲಿ ಹೆಚ್ಚಿನವು ಮುಚ್ಚಿದ ಡಬ್ಬಿಗಳು, ವೋಲ್ವೊ ಬಸ್ಸಿನಲ್ಲಿ ಕೂತು ಸಮುದ್ರ ದಾಟಿದ ಹಾಗೆ.

ಎಡಗಡೆ ಕೂರಿ. ಒಂದು ಗಂಟೆಯ ಮೇಲೆ ಸ್ವಲ್ಪ ಹೊತ್ತಿಗೆ ಅಥೆನ್ಸ್ ಇರುವ ಅಟ್ಟಿಕಾ ಪ್ರಾಂತ್ಯದ ನೆಲ ಮುಗಿಯುವ ಸೂನಿಯನ್ ತುದಿ ಬರುತ್ತದೆ. ಬೋಳುಗುಡ್ಡದ ಮೇಲೆ ಬೆಂಕಿಕಡ್ಡಿ ನೆಟ್ಟಂತೆ ಕಾಣುವ ಬಿಳಿ ಕಂಬಗಳು ಸಮುದ್ರದ ದೇವರು ಪೊಸೈಡನ್‌ನ ಗುಡಿ, ಕ್ರಿ.ಪೂ. 5ನೇ ಶತಮಾನದ್ದು. ಅಮ್ಮನಿಗೆ ಕಥೆ ಹೇಳಿದೆ. ಅಥೆನ್ಸ್‌ನ ರಾಜಕುಮಾರ ಥೀಸಿಯಸ್ ಕ್ರೀಟ್‌ಗೆ ಹೋಗಿ, ಅಲ್ಲಿನ ರಾಜಕುಮಾರಿ ಅರಿಯಾಡ್ನೆ ಕೊಟ್ಟ ದಾರದ ಸಹಾಯದಿಂದ ರಾಕ್ಷಸನನ್ನು ಕೊಂದು, ಅವಳನ್ನು ಕರೆದುಕೊಂಡು ಹೊರಟ. ದಾರಿಯಲ್ಲಿ ನಾಕ್ಸೋಸ್‌ನಲ್ಲಿ ಅವಳು ಮಲಗಿದ್ದಾಗ ಬಿಟ್ಟುಬಂದ. ಗೆದ್ದು ಬಂದರೆ ಬಿಳಿ ಹಾಯಿ ಕಟ್ಟುತ್ತೇನೆ ಎಂದು ಅಪ್ಪನಿಗೆ ಮಾತು ಕೊಟ್ಟಿದ್ದ, ಅದನ್ನೂ ಮರೆತ. ಕಪ್ಪು ಹಾಯಿ ಕಂಡ ಅಪ್ಪ ಏಜಿಯಸ್ ಮಗ ಸತ್ತನೆಂದು ತಿಳಿದು ಈ ಬಂಡೆಯಿಂದಲೇ ಹಾರಿದನಂತೆ. ಅದಕ್ಕೇ ಇದು ಏಜಿಯನ್ ಸಮುದ್ರ.

ಅಮ್ಮ ಚಟ್ನಿಪುಡಿ ಸವರಿದ ಚಪಾತಿ ಸುರುಳಿ ಸುತ್ತುತ್ತಿದ್ದಳು. "ಹುಡುಗಿಯನ್ನೇ ಮರೆತು ಬಂದವನಿಗೆ ಹಾಯಿ ಬದಲಾಯಿಸೋದು ನೆನಪಿರುತ್ತೇನೋ?" ಎಂದು ಒಂದು ಸುರುಳಿ ನನ್ನ ಕೈಗಿಟ್ಟಳು.

ಪಾರೋಸ್‌ನಲ್ಲಿ ಅರ್ಧ ಹಡಗು ಖಾಲಿಯಾಯಿತು. ಅಲ್ಲಿಂದ ಮುಕ್ಕಾಲು ಗಂಟೆ. ಈಗ ಬರುವುದು ನಿಜವಾಗಿ ತಿಳಿದಿರಬೇಕಾದ ಭಾಗ. ನಾಕ್ಸೋಸ್ ಬರುತ್ತಿದೆ ಎಂದು ಮೈಕಿನಲ್ಲಿ ಕೂಗಿದ ತಕ್ಷಣ ಜನ ದಡಬಡ ಕೆಳಗಿಳಿದು ಲಾರಿಗಳ ನಡುವೆ ನಿಲ್ಲುತ್ತಾರೆ. ಡೀಸೆಲ್ ಹೊಗೆ, ನೆಲವೆಲ್ಲ ನಡುಗುತ್ತಿರುತ್ತದೆ, ಕಿಟಕಿ ಒಂದೂ ಇಲ್ಲ. ಹಡಗು ತಿರುಗಿ ಹಿಮ್ಮುಖವಾಗಿ ದಡಕ್ಕೆ ಬರುತ್ತಿದೆ ಎಂಬುದು ಹೊಟ್ಟೆಗೆ ಮಾತ್ರ ಗೊತ್ತಾಗುತ್ತದೆ. ಆಮೇಲೆ ಸರಪಳಿಯ ಕಿರಕಿರ, ಹಿಂದಿನ ಗೋಡೆಯ ಮೇಲ್ತುದಿಯಲ್ಲಿ ಒಂದು ಗೆರೆ ಬೆಳಕು. ಗೋಡೆಯೇ ಬಾಗಿಲಾಗಿ ಕೆಳಗೆ ಬಾಗುತ್ತದೆ. ಹಡಗು ಇನ್ನೂ ಚಲಿಸುತ್ತಿರುವಾಗಲೇ ಕಬ್ಬಿಣದ ಹಲಗೆ ಅರ್ಧ ಇಳಿದು, ಅದರಾಚೆ ನೀಲಿ ನೀರು ಕುದಿಯುತ್ತಿರುತ್ತದೆ. ದಡದಲ್ಲಿ ಹಗ್ಗ ಹಿಡಿಯುವವರು, ಪೀಪಿ ಊದುವವರು. ಹಲಗೆ ಕಲ್ಲಿಗೆ ತಾಗಿ ಧಡ್ ಎಂದದ್ದೇ ತಡ, ಜನ, ಸೂಟ್‌ಕೇಸು, ಮೋಟಾರ್ ಬೈಕು, ಲಾರಿ ಎಲ್ಲ ಒಟ್ಟಿಗೆ ಹೊರಗೆ ನುಗ್ಗುತ್ತವೆ. ಹತ್ತು ನಿಮಿಷ ಅಷ್ಟೆ. ಹಡಗು ಸಾಂಟೊರಿನಿಗೆ ಹೊರಡಬೇಕು, ಯಾರಿಗೂ ಕಾಯುವುದಿಲ್ಲ. ಅಮ್ಮ ಬೆಚ್ಚಿ ಕಂಬ ಹಿಡಿದು ನಿಂತುಬಿಟ್ಟಳು. "ಬಾಮ್ಮಾ, ಬೇಗ" ಎಂದು ನಾನು ಕೂಗಿದ್ದು ಎಂಜಿನ್ ಸದ್ದಿನಲ್ಲಿ ಅವಳಿಗೆ ಕೇಳಿಸಲೇ ಇಲ್ಲ. ಕೊನೆಗೆ ಒಬ್ಬ ನೌಕರ ಕೈಹಿಡಿದು ನಡೆಸಿಕೊಂಡು ಬಂದ. ದಡದಲ್ಲಿ ಉಸಿರು ಬಿಟ್ಟು ಹಿಂತಿರುಗಿ ನೋಡಿ, "ಇದೂ ಲಾಂಚೇ ಬಿಡು, ಸ್ವಲ್ಪ ದೊಡ್ಡದು" ಎಂದಳು.

ದ್ವೀಪದಲ್ಲಿ ನಾಲ್ಕು ದಿನ. ಬಂದರಿನ ಪಕ್ಕದ ದಿಬ್ಬದ ಮೇಲೆ ಪೊರ್ತಾರಾ ಎಂಬ ಬರೀ ಬಾಗಿಲು ನಿಂತಿದೆ. ಕ್ರಿ.ಪೂ. 530ರ ಸುಮಾರಿಗೆ ಅಪೊಲೊ ದೇವರಿಗೆ ಶುರುಮಾಡಿ ಅರ್ಧಕ್ಕೇ ಬಿಟ್ಟ ಗುಡಿಯ ಅಮೃತಶಿಲೆಯ ಚೌಕಟ್ಟು, ಸುಮಾರು ಆರು ಮೀಟರ್ ಎತ್ತರ. ಸಂಜೆ ಸೂರ್ಯ ಅದರೊಳಗಿಂದ ಇಳಿಯುವುದನ್ನು ನೋಡಲು ಊರೇ ಸೇರುತ್ತದೆ. ಊಟದ್ದು ಚಿಂತೆಯಾಗಲಿಲ್ಲ. ಅಲ್ಲಿನ ಫಾವಾ ನಮ್ಮ ತೊವ್ವೆಯೇ, ಒಗ್ಗರಣೆ ಮರೆತದ್ದು. ನಾಕ್ಸೋಸ್ ಆಲೂಗಡ್ಡೆಗೆ ಗ್ರೀಸ್‌ನಲ್ಲೆಲ್ಲ ಹೆಸರು. ಒಂದು ಪದ ಕಲಿತುಕೊಳ್ಳಿ: 'ನಿಸ್ತಿಸಿಮೊ'. ಅವರ ಚರ್ಚಿನ ಉಪವಾಸದ ಊಟ, ಮಾಂಸ ಮೊಟ್ಟೆ ಹಾಲು ಯಾವುದೂ ಇರುವುದಿಲ್ಲ. ಆದರೆ ಅವರ ಉಪವಾಸಕ್ಕೆ ಸೀಗಡಿ, ಆಕ್ಟೋಪಸ್ ನಡೆಯುತ್ತದೆ, ಅದನ್ನು ಬೇರೆಯಾಗಿ ಕೇಳಲೇಬೇಕು. ನಾವು ಕೇಳಿದ್ದು ಮೊದಲ ತಟ್ಟೆ ಬಂದ ಮೇಲೆ.

ಐದನೆಯ ದಿನ ವಾಪಸು. ಇಲ್ಲಿ ನನ್ನದೇ ತಪ್ಪು. ಅಮ್ಮನಿಗೆ ಆಯಾಸವಾಗದಿರಲಿ ಎಂದು ಹೈಸ್ಪೀಡ್‌ಗೆ ಟಿಕೆಟ್ ತೆಗೆದಿದ್ದೆ. ಆಗಸ್ಟ್ ಕೊನೆಯ ವಾರ, ಆಕಾಶದಲ್ಲಿ ಒಂದು ಚೂರು ಮೋಡವಿಲ್ಲ. ಆದರೆ ರಾತ್ರಿಯಿಡೀ ಕಿಟಕಿ ಬಡಿದುಕೊಂಡಿತ್ತು. ನಾವಿದ್ದ ಮನೆಯ ಒಡತಿ ತಿಂಡಿ ತಟ್ಟೆ ಇಡುತ್ತಾ "ಎಂಟು ಬೊಫೋರ್" ಎಂದಳು.

"ಅದು ತೋಪಿನ ಹೆಸರಲ್ವೇನೋ?" ಎಂದಳು ಅಮ್ಮ.

ಅವಳು ಹೇಳಿದ ಬೊಫೋರ್, ಅಂದರೆ ಇಂಗ್ಲಿಷಿನ ಬೋಫರ್ಟ್, ಗಾಳಿಯ ಬಿರುಸಿನ ಅಳತೆ. ಬೇಸಿಗೆಯಲ್ಲಿ ಉತ್ತರದಿಂದ ಬೀಸುವ ಈ ಒಣಗಾಳಿಗೆ ಮೆಲ್ತೆಮಿ ಎನ್ನುತ್ತಾರೆ. ಬಾಲ್ಕನ್ ಕಡೆ ಹೆಚ್ಚಿನ ಒತ್ತಡ, ತುರ್ಕಿಯ ಕಡೆ ಕಡಿಮೆ ಒತ್ತಡ, ನಡುವಿನ ಸಮುದ್ರದಲ್ಲಿ ಗಾಳಿ. ಆ ಕಡಿಮೆ ಒತ್ತಡದ ಬಾಲ ನಮ್ಮ ಮುಂಗಾರಿನವರೆಗೂ ಚಾಚಿಕೊಂಡಿದೆ ಎಂದು ಆಮೇಲೆ ಓದಿದೆ. ಊರಿನಲ್ಲಿ ಮಳೆ ಹೊಯ್ಯುವ ಕಾಲಕ್ಕೇ ಅಲ್ಲಿ ಗಾಳಿ. ಗಾಳಿ ಮಿತಿಮೀರಿದರೆ ಬಂದರು ಅಧಿಕಾರಿಗಳು 'ಅಪಗೊರೆಫ್ತಿಕೊ', ಅಂದರೆ ಹಡಗು ಬಿಡಬಾರದೆಂಬ ಆಜ್ಞೆ ಹೊರಡಿಸುತ್ತಾರೆ. ಹಗುರವಾದ ಹೈಸ್ಪೀಡ್‌ಗಳಿಗೆ ಅದು ಬೇಗ ಅನ್ವಯಿಸುತ್ತದೆ, ದೊಡ್ಡ ಹಡಗುಗಳಿಗೆ ತಡವಾಗಿ. ನಮ್ಮದು ಬೆಳಿಗ್ಗೆಯೇ ರದ್ದು. ದೊಡ್ಡ ಹಡಗು? ಒಡತಿ ಭುಜ ಹಾರಿಸಿ "ಇಸೋಸ್" ಎಂದಳು. ಇಸೋಸ್ ಎಂದರೆ ಬಹುಶಃ.

ಬಂದರು ಬೀದಿಯ ಟಿಕೆಟ್ ಆಫೀಸಿನಲ್ಲಿ ಒಂದು ಗಂಟೆ ಕ್ಯೂ. ರದ್ದಾದ ಟಿಕೆಟ್ಟಿಗೆ ದುಡ್ಡು ವಾಪಸು ಅಥವಾ ಬೇರೆ ಹಡಗು ಕೇಳುವುದು ನಿಮ್ಮ ಹಕ್ಕು, ಐರೋಪ್ಯ ಒಕ್ಕೂಟದ ಕಾನೂನೇ ಇದೆ. ಸಂಜೆಯ ದೊಡ್ಡ ಹಡಗಿನಲ್ಲಿ ಎಕಾನಮಿ ಜಾಗ ಸಿಕ್ಕಿತು. ಸಿಗದೇ ಹೋಗಿದ್ದರೂ ಆಕಾಶ ಕಳಚಿ ಬೀಳುತ್ತಿರಲಿಲ್ಲ, ಏಕೆಂದರೆ ಬೆಂಗಳೂರಿನ ವಿಮಾನ ಮರುದಿನ ಸಂಜೆಗಿತ್ತು. ನಾನು ಮಾಡಿದ ಒಂದೇ ಜಾಣತನ ಅದು: ದ್ವೀಪದಿಂದ ಬಂದ ದಿನವೇ ವಿಮಾನ ಹತ್ತುವ ಲೆಕ್ಕ ಹಾಕಿರಲಿಲ್ಲ. ಕೊನೆಯ ರಾತ್ರಿಗೆ ಪಿರೇಯಸ್‌ನಲ್ಲೇ, ಗೇಟಿನಿಂದ ನಡೆದುಹೋಗುವಷ್ಟು ಹತ್ತಿರ, ರೂಮು ಹಿಡಿದಿದ್ದೆ. ಟಿಕೆಟ್ ಕ್ಯೂನಲ್ಲಿ ನಮ್ಮ ಹಿಂದಿದ್ದ ದಂಪತಿಗೆ ಅದೇ ರಾತ್ರಿ ವಿಮಾನವಿತ್ತು. ಅವರ ಮುಖ ನೋಡಲಾಗುತ್ತಿರಲಿಲ್ಲ.

ಹಡಗು ಎರಡು ಗಂಟೆ ತಡವಾಗಿ ಹೊರಟಿತು. ಈ ಸಲ ಡೆಕ್ಕಿನ ಆಸೆ ಬಿಟ್ಟು ಒಳಗೆ ಕೆಳ ಅಂತಸ್ತಿನ ಮಧ್ಯಭಾಗದಲ್ಲಿ ಜಾಗ ಹಿಡಿದೆ. ಓಲಾಟ ಅಲ್ಲಿ ಎಲ್ಲಕ್ಕಿಂತ ಕಡಿಮೆ. ಸುತ್ತ ಕಾಗದದ ಚೀಲಗಳಿಗೆ ಕೆಲಸ ಬಂದಿತ್ತು. ಅಮ್ಮ ಬಾಯಿಗೆ ಒಣಶುಂಠಿ ಚೂರು ಹಾಕಿಕೊಂಡು ಬೆಂಚಿನ ಮೇಲೆ ಮಲಗಿ ಪಾರೋಸ್ ಬರುವ ಮೊದಲೇ ಗೊರಕೆ ಹೊಡೆದಳು. ನಾನು ಮಾತ್ರ ಎರಡು ಸಲ ಎದ್ದು ಓಡಿದೆ.

ರಾತ್ರಿ ಒಂದೂವರೆಗೆ ಮೈಕ್ ಕೂಗಿತು. ಕಣ್ಣು ಬಿಟ್ಟು ನೋಡಿದರೆ ಬೆಂಚು ಖಾಲಿ. ಗಾಬರಿಯಿಂದ ಕೆಳಗಿಳಿದೆ. ಲಾರಿಗಳ ಸಾಲಿನ ತೀರಾ ಮುಂದೆ, ಹಲಗೆಯ ಬುಡದಲ್ಲೇ, ಕೆಂಪು ಅಂಚಿನ ಬ್ಯಾಗ್ ಹಿಡಿದು ಅಮ್ಮ ನಿಂತಿದ್ದಳು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು. ಸರಪಳಿ ಕಿರಗುಟ್ಟಲು ಶುರುವಾಗಿತ್ತು.

"ಬಾರೋ ಬೇಗ, ಲಾಂಚ್ ಕಾಯಲ್ಲ!"

ಪಿರೇಯಸ್ ಕೊನೆಯ ಬಂದರು, ಆ ಹಡಗು ರಾತ್ರಿ ಇನ್ನೆಲ್ಲಿಗೂ ಹೋಗುವುದಿರಲಿಲ್ಲ. ಆದರೂ ಓಡಿದೆ.