ನೊರೆಹಾಲಿನ ಆಸೆ ಇರುವವರಿಗೆ

ಹೋದ ವಾರ ಮೊಮ್ಮಗಳು ಬೆಂಗಳೂರಿನಿಂದ ಫೋನ್ ಮಾಡಿದ್ದಳು. ಅವರ ಅಪಾರ್ಟ್‌ಮೆಂಟಿಗೆ ಯಾರೋ ಗಾಜಿನ ಬಾಟಲಿಯಲ್ಲಿ ನಾಟಿ ಹಸುವಿನ ಹಾಲು ತಂದುಕೊಡುತ್ತಾರಂತೆ. "ಕಾಯಿಸಿದರೆ ಸತ್ವ ಹೋಗುತ್ತೆ, ಹಾಗೇ ಕುಡೀರಿ ಅಂತಾರೆ. ಕುಡಿಬಹುದಾ ಅಜ್ಜಿ?" ಅಂದಳು. ಅವಳ ಮಗುವಿಗೆ ಇನ್ನೂ ಎರಡು ವರ್ಷ. "ಮೊದಲು ಅದನ್ನ ಒಲೆ ಮೇಲಿಡು. ಆಮೇಲೆ ಮಾತಾಡೋಣ" ಅಂದೆ.

ನಮ್ಮದು ಚನ್ನರಾಯಪಟ್ಟಣ ತಾಲ್ಲೂಕಿನ ಹಳ್ಳಿ. ನಾನು ಮದುವೆಯಾಗಿ ಬಂದಾಗ ಕೊಟ್ಟಿಗೆಯಲ್ಲಿ ನಾಲ್ಕು ಹಳ್ಳಿಕಾರ್ ಹಸು ಇದ್ದವು. ಈಗ ಎರಡು ಎಚ್‌ಎಫ್ ಸೀಮೆ ಹಸು ಇವೆ. ನಡುವೆ ಹದಿನೆಂಟು ವರ್ಷ ಊರಿನ ಮಹಿಳಾ ಡೈರಿಯಲ್ಲಿ ಕಾರ್ಯದರ್ಶಿಯಾಗಿದ್ದೆ. ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆದರೆ ಹಾಲಿನ ಗಟ್ಟಿತನ ಅಳೆಯುವ ಡಿಗ್ರಿ, ಫ್ಯಾಟ್, ಕ್ಯಾನು, ಜೊತೆಗೆ ಒಂದಿಷ್ಟು ಜಗಳ. "ನನ್ನ ಹಾಲಿಗೆ ಡಿಗ್ರಿ ಯಾಕೆ ಬಂದಿಲ್ಲ" ಅನ್ನೋರಿಗೆ ನಾನು ಏನು ಉತ್ತರ ಕೊಡಲಿ, ಉತ್ತರ ಅವರ ಮನೆ ಕೊಳಾಯಿಯಲ್ಲೇ ಇರುತ್ತಿತ್ತು.

ಹಸಿ ಹಾಲಿನ ವಿಷಯಕ್ಕೆ ಬಂದರೆ ನನಗೆ ನೆನಪಾಗುವುದು ನಮ್ಮ ಮೈದುನ. ಗಟ್ಟಿ ಆಳು. ದಿನಾ ಬೆಳಿಗ್ಗೆ ಹಾಲು ಕರೆಯುವಾಗ ಚೊಂಬು ಹಿಡಿದು ಬಂದು ಪಕ್ಕದಲ್ಲೇ ಕೂರುತ್ತಿದ್ದ. ಬಿಸಿ ಇರುವಾಗಲೇ, ನೊರೆಯ ಸಮೇತ ಅರ್ಧ ಚೊಂಬು ಕುಡಿಯಬೇಕು. ಮೀಸೆಗೆ ನೊರೆ ಮೆತ್ತಿಕೊಂಡಿರುತ್ತಿತ್ತು, ಒರೆಸಿಕೊಳ್ಳುತ್ತಲೂ ಇರಲಿಲ್ಲ. ಒಂದು ಬೇಸಿಗೆಯಲ್ಲಿ ಅವನಿಗೆ ಜ್ವರ ಶುರುವಾಯಿತು. ಸಂಜೆ ಏರೋದು, ರಾತ್ರಿ ಹಾಸಿಗೆ ಒದ್ದೆಯಾಗುವ ಹಾಗೆ ಬೆವರಿ ಇಳಿಯೋದು. ಸೊಂಟ ನೋವು, ಕೀಲು ನೋವು. ಟೈಫಾಯಿಡ್ ಅಂತ ಒಂದು ಕಡೆ ಔಷಧಿ ಕೊಟ್ಟರು, ಇನ್ನೊಂದು ಕಡೆ ಬರೀ ಸುಸ್ತು ಅಂದರು. ಎರಡು ತಿಂಗಳು ಹೀಗೇ ಹೋಯಿತು. ಕೊನೆಗೆ ದಾರಿ ತೋರಿಸಿದ್ದು ಹಸು ನೋಡಲು ಬಂದಿದ್ದ ಪಶು ಡಾಕ್ಟರು. "ನಿಮ್ಮ ಹಸು ಏಳನೇ ತಿಂಗಳಿಗೆ ಕಂದು ಹಾಕಿತ್ತಲ್ಲ? ಇವರ ರಕ್ತ ಬ್ರುಸೆಲ್ಲಾಗೆ ಪರೀಕ್ಷೆ ಮಾಡಿಸಿ" ಅಂದರು. ಅದೇ ಆಗಿತ್ತು. ಹಸು ದಿನ ತುಂಬುವ ಮೊದಲೇ ಕರು ಹಾಕುವ ಈ ಕಾಯಿಲೆಗೆ ನಮ್ಮ ಕಡೆ ಕಂದು ರೋಗ ಅಂತಾರಲ್ಲ, ಅದು ಮನುಷ್ಯರಿಗೂ ಬರುತ್ತೆ. ಆರು ವಾರ ಎರಡೆರಡು ಬಗೆಯ ಮಾತ್ರೆ ನುಂಗಿದ. ಹಾಲಿನಿಂದಲೇ ಬಂತೋ, ಕಂದು ಹಾಕಿದಾಗ ಬರಿಗೈಯಲ್ಲಿ ಹಸುವಿನ ಕಸ (ಮಾಸು) ತೆಗೆದಿದ್ದನಲ್ಲ, ಅದರಿಂದ ಬಂತೋ, ಹೇಳೋಕಾಗಲ್ಲ. ಎರಡೂ ದಾರಿ ಇವೆ. ಆವತ್ತಿನಿಂದ ನಮ್ಮ ಮನೆಯಲ್ಲಿ ಎರಡೂ ಬಂದ್.

ಹಾಗಾದರೆ ಹಸಿ ಹಾಲು ಮಾರುವುದನ್ನೇ ನಿಲ್ಲಿಸಬೇಕಾ? ನಮ್ಮ ದೇಶದಲ್ಲಿ ಅದು ಅಪರಾಧವಲ್ಲ. ಮನೆಮನೆಗೆ ಹಾಕುವವರು ಆಹಾರ ಸುರಕ್ಷತೆಯವರಲ್ಲಿ ನೋಂದಣಿ ಮಾಡಿಸಿಕೊಳ್ಳಬೇಕು, ಅಷ್ಟೆ. ಸಂಘದ ಸದಸ್ಯರಾಗಿ ಪೂರ್ತಿ ಹಾಲನ್ನು ಡೈರಿಗೇ ಹಾಕುವವರಿಗೆ ಅದೂ ಬೇಡ. ಬೇರೆ ದೇಶಗಳಲ್ಲಿ ಬಿಗಿ ಜಾಸ್ತಿ. ತಂಗಿಯ ಮಗ ಇರುವ ಕೆನಡಾದಲ್ಲಿ 1991ರಿಂದ ಮಾರುವಂತೆಯೇ ಇಲ್ಲ. ಸ್ಕಾಟ್ಲೆಂಡಿನಲ್ಲಿ 1983ರಲ್ಲೇ ನಿಲ್ಲಿಸಿದರು. ಪಕ್ಕದ ಇಂಗ್ಲೆಂಡಿನಲ್ಲಿ ರೈತ ನೇರವಾಗಿ ಗಿರಾಕಿಗೆ ಮಾರಬಹುದು, ಆದರೆ ಬಾಟಲಿ ಮೇಲೆ ಎಚ್ಚರಿಕೆ ಬರೆದಿರಬೇಕು. ಅಮೆರಿಕದಲ್ಲಿ 1987ರಿಂದ ಒಂದು ರಾಜ್ಯದಿಂದ ಇನ್ನೊಂದಕ್ಕೆ ಸಾಗಿಸಿ ಮಾರುವಂತಿಲ್ಲ. ರಾಜ್ಯದೊಳಗೆ ಅವರವರ ಕಾನೂನು. ಆದರೆ ಒಂದು ವಿಷಯ ನೋಡಿ. ಅವರೆಲ್ಲ ಹಾಲನ್ನು ಫ್ರಿಜ್ಜಿನಿಂದ ತೆಗೆದು ತಣ್ಣಗೇ ಕುಡಿಯುವವರು. ಕಾಯಿಸುವ ಅಭ್ಯಾಸವೇ ಇಲ್ಲ. ಅದಕ್ಕೇ ಅವರಿಗೆ ಕಾನೂನು ಬೇಕಾಯಿತು. ನಮ್ಮಲ್ಲಿ ಆ ಕಾವಲು ಕೆಲಸವನ್ನು ಅಡಿಗೆಮನೆಯ ಒಲೆ ಮಾಡಿಕೊಂಡು ಬಂದಿದೆ.

ಮಾರಾಟ ನಿಲ್ಲಿಸಿದರೆ ನಮ್ಮ ಹಿಂದಿನ ಬೀದಿಯ ಹೆಂಗಸು ಏನು ಮಾಡಬೇಕು? ಗಂಡ ಇಲ್ಲ. ಎರಡು ಹಸು, ದಿನಾ ಹಾಲು ಹಾಕುವ ಹತ್ತು ಮನೆ ವರ್ತನೆ. ಅದರಲ್ಲೇ ಮಗನನ್ನು ಡಿಪ್ಲೊಮಾ ಓದಿಸಿದಳು. ಅವಳು ಮಾರಲಿ. ನನ್ನ ತಕರಾರು ಇರುವುದು "ಕಾಯಿಸಬೇಡಿ" ಅಂತ ಹೇಳಿ ಮಾರುವವರ ಮೇಲೆ. ಆ ಮಾತಿಗೆ ದಂಡ ಹಾಕಿದರೆ ನಾನು ಬೇಡ ಅನ್ನಲ್ಲ. ಕಾಯಿಸಿದರೆ ಕೆಲವು ವಿಟಮಿನ್ ಸ್ವಲ್ಪ ಕಡಿಮೆಯಾಗುವುದು ನಿಜ. ಸುಣ್ಣದಂಶ ಎಲ್ಲೂ ಹೋಗಲ್ಲ, ಪ್ರೋಟೀನೂ ಅಲ್ಲೇ ಇರುತ್ತೆ. ಆ ಚೂರು ವಿಟಮಿನ್ನಿಗೆ ಒಂದು ನಿಂಬೆಹಣ್ಣು, ಒಂದು ಹಿಡಿ ಸೊಪ್ಪು ಸಾಕು. ನಾಟಿ ಹಸು, ಗಿಡ್ಡ ತಳಿ, ಯಾವುದಾದರೂ ಅಷ್ಟೆ. ರೋಗ ತಳಿ ಕೇಳಿಕೊಂಡು ಬರಲ್ಲ.

ಈಗ ಕಾಯಿಸುವುದು ಹೇಗೆ ಅಂತ ಹೇಳುತ್ತೇನೆ. ನಗಬೇಡಿ, ಇದರಲ್ಲೂ ತಪ್ಪು ಮಾಡುತ್ತಾರೆ. ಪಾತ್ರೆಗೆ ಮೊದಲು ಸ್ವಲ್ಪ ನೀರು ಆಡಿಸಿ ಚೆಲ್ಲಿ, ತಳ ಹಿಡಿಯಲ್ಲ. ಹೊಸ ಹಾಲನ್ನು ನೆನ್ನೆಯ ಹಾಲಿಗೆ ಸುರಿಯಬೇಡಿ. ಹಾಲಿನ ಮೇಲೆ ಅನುಮಾನ ಇದ್ದರೆ ಒಂದು ಸಣ್ಣ ಸೌಟಿನಷ್ಟನ್ನು ಬೇರೆ ಕುದಿಸಿ ನೋಡಿ. ಡೈರಿಯಲ್ಲಿ ನಾವು ಇದನ್ನೇ ಗಾಜಿನ ನಳಿಗೆಯಲ್ಲಿ ಮಾಡುತ್ತಿದ್ದೆವು. ಹಾಲು ಒಡೆದರೆ ಸೌಟಿನಷ್ಟು ಹೋಯಿತು, ಎರಡು ಲೀಟರ್ ಉಳಿಯಿತು. ಒಲೆ ಮೇಲಿಟ್ಟ ಹಾಲು ಉಕ್ಕಿದ ತಕ್ಷಣ ಉರಿ ಆರಿಸುವುದು ನಮ್ಮ ಹೆಂಗಸರ ಅಭ್ಯಾಸ. ಉಕ್ಕು ಬಂದ ಮೇಲೆ ಉರಿ ಸಣ್ಣ ಮಾಡಿ, ಸೌಟಿನಿಂದ ತಳದವರೆಗೂ ತಿರುವುತ್ತಾ ಇನ್ನು ಎರಡು ಮೂರು ನಿಮಿಷ ಬಿಡಿ. ದೊಡ್ಡ ಡೈರಿಯಲ್ಲಿ ಪಾಶ್ಚರೀಕರಣ ಅಂತ ಮಾಡುವುದು 72 ಡಿಗ್ರಿಯಲ್ಲಿ 15 ಸೆಕೆಂಡ್. ನೀವು ಅದಕ್ಕಿಂತ ಎಷ್ಟೋ ಹೆಚ್ಚು ಮಾಡಿದಿರಿ. ಆಮೇಲೆ ಪಾತ್ರೆಯನ್ನು ತಣ್ಣೀರಿನ ಬೇಸಿನ್ನಿನಲ್ಲಿಟ್ಟು ಬೇಗ ಆರಿಸಿ ಫ್ರಿಜ್ಜಿಗೆ ಇಡಿ. ಸಂಜೆವರೆಗೆ ಕಟ್ಟೆ ಮೇಲೆ ಬಿಡಬೇಡಿ.

ಇಷ್ಟೆಲ್ಲ ಮಾಡಿ, ಹಸಿ ಹಾಲು ಅಳೆದ ಲೋಟವನ್ನೇ ಕಾದ ಹಾಲಿಗೆ ಅದ್ದುವವರನ್ನು ನೋಡಿದ್ದೇನೆ. ನನ್ನ ಸೊಸೆಯೇ ಮಾಡುತ್ತಿದ್ದಳು. ಓದಿದರೆ ಓದಲಿ ಬಿಡಿ, ಈಗ ಮಾಡಲ್ಲ.

ಪ್ಯಾಕೆಟ್ ಹಾಲನ್ನು ಡೈರಿಯಲ್ಲೇ ಕಾಯಿಸಿರುತ್ತಾರೆ. ತಣ್ಣಗೇ ಬಂದಿದ್ದರೆ ಮತ್ತೆ ಕುದಿಸಲೇಬೇಕು ಅಂತಿಲ್ಲ. ಆದರೆ ಅಂಗಡಿ ಮುಂದೆ ಬಿಸಿಲಲ್ಲಿ ಕೂತಿದ್ದ ಕ್ರೇಟಿನದು, ಇಲ್ಲ ಮಳೆಗಾಲದಲ್ಲಿ ಕರೆಂಟ್ ಹೋಗಿ ಫ್ರಿಜ್ ಬೆಚ್ಚಗಾಗಿದ್ದರೆ, ಸುಮ್ನೆ ಕಾಯಿಸಿಬಿಡಿ.

ಹಸಿ ಹಾಲಿಗೆ ಹೆಪ್ಪು ಹಾಕಬೇಡಿ. ಹುಳಿಯಾದರೆ ರೋಗ ಸಾಯುತ್ತೆ ಅನ್ನುವುದು ತಪ್ಪು. ಹಸಿ ಹಾಲಿನ ಮೊಸರು, ಬೆಣ್ಣೆ ಎರಡರಿಂದಲೂ ಕಂದು ರೋಗ ಬರಬಹುದು. ಪಂಚಾಮೃತದ ವಿಷಯ ಯಾರೂ ಯೋಚಿಸಲ್ಲ. ಪೂಜೆಗೆ ಹಸಿ ಹಾಲೇ ಆಗಬೇಕು ಅಂತಾರೆ, ಆಮೇಲೆ ಅದನ್ನೇ ಮಕ್ಕಳ ಅಂಗೈಗೆ ಹಾಕುತ್ತಾರೆ. ನಾನು ಅಭಿಷೇಕಕ್ಕೆ ಒಂದು ಲೋಟ ಹಸಿ ಹಾಲು ಇಟ್ಟು, ಹಂಚುವ ಪಂಚಾಮೃತಕ್ಕೆ ಕಾಯಿಸಿ ಆರಿಸಿದ್ದನ್ನು ಬಳಸುತ್ತೇನೆ. ನಮ್ಮ ಪುರೋಹಿತರು ಮೊದಲ ಸಲ ಹುಬ್ಬು ಏರಿಸಿದರು, ಎರಡನೇ ಸಲ ಅವರೂ ಎರಡು ಸಾರಿ ಕೈ ಚಾಚಿದರು. ನಾಗರ ಪಂಚಮಿಗೆ ಹುತ್ತಕ್ಕೆ ಎರೆಯುವ ಹಾಲನ್ನು ಯಾರೂ ಕುಡಿಯಲ್ಲ, ಅದು ಹೇಗಿದ್ದರೂ ಸರಿ. ಗಿಣ್ಣದ ಹಾಲು ನಮ್ಮ ಮನೆಯಲ್ಲಿ ಮಾರುವುದಿಲ್ಲ, ಹಂಚುತ್ತೇವೆ. ಗಿಣ್ಣನ್ನು ಹಬೆಯಲ್ಲಿ ನಡುವಿನವರೆಗೂ ಚೆನ್ನಾಗಿ ಬೇಯಿಸಿ. ಮೇಲೆ ಗಟ್ಟಿಯಾಗಿ ಒಳಗೆ ನೀರಾಡುತ್ತಿದ್ದರೆ ಇನ್ನೂ ಹಸಿ ಅಂತಲೇ ಲೆಕ್ಕ.

ಕುದಿಸಿದರೂ ಹೋಗದವು ಕೆಲವು ಇವೆ. ಇದು ಹಸು ಸಾಕುವವರು ಕೇಳಬೇಕಾದ ಮಾತು. ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯನ್ನೋ ಜೋಳವನ್ನೋ ತಿನ್ನಿಸಿದರೆ ಅದರ ವಿಷ ಹಾಲಿಗೆ ಬರುತ್ತೆ. ಅಫ್ಲಾಟಾಕ್ಸಿನ್ ಅಂತ ಹೆಸರು. ಎಷ್ಟು ಕುದಿಸಿದರೂ ಅಲ್ಲೇ ಇರುತ್ತೆ. 2018ರಲ್ಲಿ ದೇಶದಾದ್ಯಂತ ಹಾಲಿನ 6,432 ಮಾದರಿ ಪರೀಕ್ಷೆ ಮಾಡಿದಾಗ ಅಪಾಯದ ಕಲಬೆರಕೆ ಸಿಕ್ಕಿದ್ದು ಬರೀ 12ರಲ್ಲಿ, ಈ ಬೂಷ್ಟಿನ ವಿಷ ಮಿತಿ ಮೀರಿದ್ದು 368ರಲ್ಲಿ. ನಾವು ನೀರು ಬೆರೆಸಿದ್ದಕ್ಕೆ ಜಗಳ ಆಡುತ್ತೇವೆ, ಹಿಂಡಿಯ ಮೂಟೆ ಬಿಚ್ಚಿ ಮೂಸಿ ನೋಡಲ್ಲ. ಇನ್ನೊಂದು, ಔಷಧಿ. ಕೆಚ್ಚಲು ಬಾವು ಬಂದು ಔಷಧಿಯ ಟ್ಯೂಬ್ ಹಾಕಿಸಿದರೆ ಡಾಕ್ಟರು ಹೇಳಿದಷ್ಟು ದಿನ ಆ ಹಾಲನ್ನು ಡೈರಿಗೂ ಹಾಕಬೇಡಿ, ಮನೆಗೂ ಬೇಡ. ಒಳ್ಳೆಯ ಹೆಪ್ಪು ಹಾಕಿದರೂ ಮೊಸರು ಕೂರದೆ ನೀರು ನೀರಾಗಿದ್ದರೆ ಹಾಲಿನವಳನ್ನು ಮೆಲ್ಲಗೆ ಕೇಳಿ, "ಹಸುಗೆ ಇಂಜೆಕ್ಷನ್ ಏನಾದ್ರೂ ಕೊಡಿಸಿದ್ಯಾ ತಾಯಿ?" ಅಂತ. ಬೈಯಬೇಡಿ. ಬೈದರೆ ಮುಂದಿನ ಸಲ ಹೇಳಲ್ಲ.

ಕರೆಯುವ ಮುಂಚೆ ಕೆಚ್ಚಲು ತೊಳೆದು, ಒಣಬಟ್ಟೆಯಲ್ಲಿ ಒರೆಸಿ. ಮೊದಲ ಮೂರು ನಾಲ್ಕು ಧಾರೆ ಬೇರೆ ಲೋಟಕ್ಕೆ ಬಿಟ್ಟು ಗಂಟು ಗಂಟಾಗಿದೆಯಾ ನೋಡಿ. ಕರೆದಾದ ಮೇಲೆ ಹಸು ಅರ್ಧ ಗಂಟೆ ಮಲಗದ ಹಾಗೆ ಮುಂದೆ ಹುಲ್ಲು ಹಾಕಿ, ಅಷ್ಟರಲ್ಲಿ ತೊಟ್ಟಿನ ಬಾಯಿ ಮುಚ್ಚಿಕೊಳ್ಳುತ್ತೆ. ಹೆಣ್ಣು ಕರುವಿಗೆ ನಾಲ್ಕರಿಂದ ಎಂಟು ತಿಂಗಳ ಒಳಗೆ ಕಂದು ರೋಗದ ಲಸಿಕೆ ಹಾಕಿಸಿ. ಒಂದೇ ಸಲ, ದುಡ್ಡೂ ಇಲ್ಲ.

ಮೈದುನನಿಗೆ ಈಗ ಅರವತ್ತೆಂಟು. ಸೊಂಟ ಹಿಡಿದುಕೊಂಡೇ ಏಳುತ್ತಾನೆ, ಆಸೆ ಮಾತ್ರ ಹೋಗಿಲ್ಲ. "ಅತ್ತಿಗೆ, ಒಂದೇ ಒಂದು ಲೋಟ ನೊರೆಹಾಲು" ಅಂತ ಕೊಟ್ಟಿಗೆ ಬಾಗಿಲಿಗೆ ಬಂದು ನಿಲ್ಲುತ್ತಾನೆ. ನಾನು ಕಾದ ಹಾಲನ್ನು ಎರಡು ಚೊಂಬು ಹಿಡಿದು, ಕೈ ಎತ್ತರಕ್ಕೆ ಎತ್ತಿ, ಕಾಫಿ ಆರಿಸಿದ ಹಾಗೆ ಆರೇಳು ಸಲ ಎರೆಯುತ್ತೇನೆ. ಮೇಲೆ ನಾಲ್ಕು ಬೆರಳು ನೊರೆ ನಿಲ್ಲುತ್ತೆ. ಕುಡಿದು, "ರುಚಿ ಅದಲ್ಲ" ಅಂತಾನೆ. ಮೀಸೆ ಮಾತ್ರ ಈಗಲೂ ಒರೆಸಿಕೊಳ್ಳಲ್ಲ.